ಮುಚ್ಚಿರೋ ವಿಭಾಗಕ್ಕೆ ‘2 ಒತ್ತಿ’ ಅನ್ನಬೇಡಿ

ಹಾಸನದಲ್ಲಿ ಕ್ಲಿನಿಕ್, ಲ್ಯಾಬ್ ನಡೆಸುವವರಿಗೆ ಒಂದು ಸಲಹೆ. ರಾತ್ರಿ ಸಕಲೇಶಪುರದ ಕಡೆಯಿಂದ ಗಾಬರಿಯಲ್ಲಿ ಫೋನ್ ಮಾಡಿದವರಿಗೆ ‘ಲ್ಯಾಬ್‌ಗೆ 2 ಒತ್ತಿ’ ಅಂತ ಹೇಳಿ, ಆಮೇಲೆ ಸುಮ್ನೆ ರಿಂಗ್ ಆಗುತ್ತಿದ್ದರೆ ಎಷ್ಟು ಸಂಕಟ ಅಲ್ವಾ?

ಕರೆಗೆ ತಾನೇ ಉತ್ತರಿಸಿ ಮೆನು ಓದುವ ಫೋನ್ ಸಾಫ್ಟ್‌ವೇರ್ ಫ್ರೀಪಿಬಿಎಕ್ಸ್‌ನಲ್ಲಿ ‘ಟೈಮ್ ಕಂಡಿಷನ್ಸ್’ ಇದೆ, ಅಂದರೆ ಸಮಯ ನೋಡಿ ಕರೆ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವ ಸೌಲಭ್ಯ. ಪ್ರತಿ ವಿಭಾಗಕ್ಕೂ ಬೇರೆ ಟೈಮ್ ಗ್ರೂಪ್ (ತೆರೆದಿರುವ ದಿನ, ಗಂಟೆಗಳ ಪಟ್ಟಿ) ಮಾಡಿ. ಮುಚ್ಚಿದ ವಿಭಾಗವನ್ನು ಮೆನು ಓದುವುದು ಬೇಡ. ಆದರೆ ನಂಬರ್ ಮಾತ್ರ ಬದಲಿಸಬೇಡಿ, ಹಳಬರು ನೆನಪಿನಿಂದಲೇ ಒತ್ತುತ್ತಾರೆ. ಅವರಿಗೆ ತೆರೆಯುವ ಸಮಯ ಕೇಳಿಸಲಿ. ‘ನಾಳೆ ಬನ್ನಿ’ ಅಂತ ರೆಕಾರ್ಡ್ ಮಾಡಬೇಡಿ, ಶನಿವಾರ ರಾತ್ರಿ ಅದು ಸುಳ್ಳಾಗುತ್ತದೆ. ‘ಸೋಮವಾರದಿಂದ ಶನಿವಾರ, ಬೆಳಿಗ್ಗೆ 7ರಿಂದ’ ಅನ್ನಿ. ತುರ್ತು ನಂಬರ್ ಯಾವಾಗಲೂ ಮೊದಲೇ ಬರಲಿ.

ಸರ್ವರ್ ಗಡಿಯಾರವನ್ನೂ ನೋಡಿ. ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಯುಟಿಸಿಯಲ್ಲಿದ್ದರೆ ಬೆಳಿಗ್ಗೆ 9ಕ್ಕೆ ತೆರೆಯಬೇಕಾದ ಮೆನು ಮಧ್ಯಾಹ್ನ 2:30ಕ್ಕೆ ತೆರೆಯುತ್ತದೆ! ಹಾಸನಾಂಬೆ ಉತ್ಸವದ ದಿನಾಂಕ ವರ್ಷವರ್ಷ ಬದಲಾಗುತ್ತದೆ. ಆಗ ನಿಮ್ಮ ಸಮಯ ಬೇರೆ ಆದರೆ ಮೊದಲೇ ಹಾಕಿಡಿ.