ಮಾರಿಯೋ ಮೈಮೇಲಿನ ಗೆರೆ: ಸತ್ತ ಕ್ಯಾಸೆಟ್ ರಿಪೇರಿ ಮಾಡಿದ ನನ್ನ ಅನುಭವ

ಒಸಾಕಾದಲ್ಲಿ ಕೆಲಸ ಮಾಡುವ ನನ್ನ ಚಿಕ್ಕಪ್ಪನ ಮಗ ರಜೆಗೆ ಬಂದಾಗ ಒಂದು ಹಳೇ ವಿಡಿಯೋ ಗೇಮ್ ಕ್ಯಾಸೆಟ್ ತಂದುಕೊಟ್ಟ. 'ಸೂಪರ್ ಮಾರಿಯೋ ಬ್ರದರ್ಸ್ 3', 1988ರ ಜಪಾನ್ ಆವೃತ್ತಿ. ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕೆಟ್ಟ ಮಾಲನ್ನು 'ಜಂಕ್' ಅಂತ ಚೀಟಿ ಅಂಟಿಸಿ ಬುಟ್ಟಿಯಲ್ಲಿ ಇಟ್ಟಿರುತ್ತಾರೆ. "ಅಣ್ಣಾ, ಆನ್ ಆಗಲ್ಲ ಅಂತ ಹೇಳಿಯೇ ಕೊಟ್ರು. ನಿನ್ನ ಕೈಲಿ ಆದ್ರೆ ನೋಡು" ಅಂದ.

ಜಪಾನಿನ ಕ್ಯಾಸೆಟ್ ನಮ್ಮ ಯಂತ್ರದಲ್ಲಿ ಕೂರುತ್ತಾ ಅಂತ ಕೇಳಬಹುದು. ಕೂರುತ್ತದೆ. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಅನ್ನೋ ಯಂತ್ರ ಬಿಟ್ಟಿತು. 90ರ ದಶಕದಲ್ಲಿ ನಮ್ಮಲ್ಲಿ 'ಟಿವಿ ಗೇಮ್' ಅಂತ ಮಾರುತ್ತಿದ್ದ ಬಹುಪಾಲು ಡಬ್ಬಿಗಳು ಅದರ ನಕಲುಗಳೇ. ಎರಡರಲ್ಲೂ ಕ್ಯಾಸೆಟ್‌ಗೆ 60 ಪಿನ್. ಅಮೆರಿಕದ ಬೂದು ಬಣ್ಣದ ದೊಡ್ಡ ಕ್ಯಾಸೆಟ್‌ಗಳಿಗೆ 72 ಪಿನ್, ಅವು ಮಾತ್ರ ಹಿಡಿಸುವುದಿಲ್ಲ.

ಹಾಕಿ ಸ್ವಿಚ್ ಒತ್ತಿದೆ. ಇಡೀ ಪರದೆ ಒಂದೇ ಬಣ್ಣ. ಸದ್ದೂ ಇಲ್ಲ.

ಇಂಥ ಹೊತ್ತಲ್ಲಿ ತಕ್ಷಣ ಸ್ಕ್ರೂಡ್ರೈವರ್ ಹಿಡಿಯುವುದು ನನಗೆ ಇಷ್ಟವಿಲ್ಲ. ಮೊದಲು ಪರದೆ ಏನು ಹೇಳುತ್ತಿದೆ ಅಂತ ನೋಡಬೇಕು. ಈ ಕ್ಯಾಸೆಟ್ಟಿನೊಳಗೆ ಎರಡು ರೋಮ್ (ಬರೆದಿಟ್ಟ ಮಾಹಿತಿಯನ್ನು ಓದಲು ಮಾತ್ರ ಬರುವ ಮೆಮೊರಿ) ಚಿಪ್‌ಗಳಿವೆ. ಒಂದರಲ್ಲಿ ಆಟದ ಪ್ರೋಗ್ರಾಮ್, 256 ಕಿಲೋಬೈಟ್. ಇನ್ನೊಂದರಲ್ಲಿ ಬರೀ ಚಿತ್ರಗಳು, 128 ಕಿಲೋಬೈಟ್. ಯಂತ್ರದ ಸಿಪಿಯು ಮೊದಲನೆಯದನ್ನು ಓದುತ್ತದೆ, ಚಿತ್ರ ಬಿಡಿಸುವ ಚಿಪ್ ಎರಡನೆಯದನ್ನು ಓದುತ್ತದೆ. ಇಬ್ಬರ ತಂತಿಗಳೂ ಬೇರೆ ಬೇರೆ. ಹಾಗಾಗಿ ಪರದೆ ಖಾಲಿ, ಸದ್ದೂ ಇಲ್ಲ ಅಂದರೆ ಪ್ರೋಗ್ರಾಮ್ ಕಡೆ ಅಥವಾ ಕರೆಂಟ್ ಕಡೆ ತೊಂದರೆ. ಸಂಗೀತ ಸರಿಯಾಗಿ ಬಂದು ಚಿತ್ರ ಮಾತ್ರ ಚೆಲ್ಲಾಪಿಲ್ಲಿಯಾದರೆ ಚಿತ್ರದ ಕಡೆ ತೊಂದರೆ. ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆ.

ಮತ್ತೆ ಯಂತ್ರಕ್ಕೆ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದು 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇದೆಯಾ ನೋಡಿದೆ. ಎರಡು ಮೊನೆಗಳ ನಡುವೆ ಸಂಪರ್ಕ ಇದ್ದರೆ ಮೀಟರ್ ಬೀಪ್ ಅನ್ನುತ್ತದೆ. ಪಿನ್ 1 ಮತ್ತು 16 ಗ್ರೌಂಡ್, 30 ಮತ್ತು 31 ಐದು ವೋಲ್ಟ್. ಇಲ್ಲಿ ಬೀಪ್ ಬಂದರೆ ಕ್ಯಾಸೆಟ್ ಹಾಕಲೇಬೇಡಿ, ಯಂತ್ರವೂ ಹೋಗಬಹುದು. ನನ್ನದರಲ್ಲಿ ಶಾರ್ಟ್ ಇರಲಿಲ್ಲ.

ಆಮೇಲೆ ಕ್ಲೀನಿಂಗ್. ಚಿಕ್ಕವರಿದ್ದಾಗ ಎಲ್ಲರೂ ಕ್ಯಾಸೆಟ್‌ಗೆ ಉಫ್ ಅಂತ ಊದುತ್ತಿದ್ದೆವು, ಅಲ್ವಾ? ಊದಿದರೆ ಬಾಯಿಯ ತೇವ ಪಿನ್ ಮೇಲೆ ಕೂರುತ್ತದೆ, ಕಾಲಕ್ರಮದಲ್ಲಿ ಕಿಲುಬು ಹಿಡಿಯುತ್ತದೆ. ಊದಿದಾಗ ಆಟ ಓಡುತ್ತಿದ್ದುದಕ್ಕೆ ಮುಖ್ಯ ಕಾರಣ ನಾವು ಕ್ಯಾಸೆಟ್ ತೆಗೆದು ಮತ್ತೆ ಹಾಕುತ್ತಿದ್ದುದು. ಉಜ್ಜಿದಾಗ ಕಾಂಟ್ಯಾಕ್ಟ್ ಸಿಗುತ್ತಿತ್ತು. ಪೆನ್ಸಿಲ್ ರಬ್ಬರಿನಿಂದ ಉಜ್ಜುವವರೂ ಇದ್ದಾರೆ. ನಾನು ಅದನ್ನು ಕೊನೆಯ ದಾರಿಯಾಗಿ ಇಟ್ಟುಕೊಂಡಿದ್ದೇನೆ. ಒಳ್ಳೆಯ ಕ್ಯಾಸೆಟ್ ಪಿನ್‌ಗಳ ಮೇಲೆ ತೆಳುವಾದ ಚಿನ್ನದ ಲೇಪ ಇರುತ್ತದೆ. ಅದು ಸವೆದರೆ ಕೆಳಗಿನ ತಾಮ್ರ ಗಾಳಿಗೆ ಬೀಳುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಣ್ಣ ಬಾಟಲಿಯಲ್ಲೇ ಸಿಗುತ್ತದೆ. ಇಯರ್ ಬಡ್ಸ್ ಅದರಲ್ಲಿ ಅದ್ದಿ ಪಿನ್ನಿನ ಉದ್ದಕ್ಕೆ, ಮೇಲಿನಿಂದ ಕೆಳಗೆ ಒರೆಸಬೇಕು. ಅಡ್ಡಡ್ಡ ಒರೆಸಿದರೆ ಕೊಳೆ ಒಂದು ಪಿನ್‌ನಿಂದ ಪಕ್ಕದ್ದಕ್ಕೆ ಹೋಗುತ್ತದೆ. ಹತ್ತಿ ಕಪ್ಪಾಗುವುದು ನಿಲ್ಲುವ ತನಕ ಒರೆಸಿದೆ. ಯಂತ್ರದ ಸ್ಲಾಟನ್ನೂ ಬಿಡಲಿಲ್ಲ.

ಈ ಸಲ ಆಟ ಎದ್ದಿತು! ಪರದೆ ಮೂಡಿತು, ಸಂಗೀತ ಬಂತು, ಮಾರಿಯೋ ಓಡಿದ. ಆದರೆ ಚಿತ್ರದ ತುಂಬ ಸಣ್ಣ ಸಣ್ಣ ನಿಂತ ಗೆರೆಗಳು. ಕೆಲವು ಚೌಕದಲ್ಲಿ ಇವೆ, ಕೆಲವದರಲ್ಲಿ ಇಲ್ಲ. ಅಂದರೆ ಪ್ರೋಗ್ರಾಮ್ ಕಡೆಯದು ಬರೀ ಕೊಳೆ, ಅದು ಮುಗಿಯಿತು. ಇನ್ನು ಉಳಿದಿದ್ದು ಚಿತ್ರದ ಕಡೆ.

ಇಲ್ಲಿಂದ ಮುಂದಿನದು ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ. ಈ ಯಂತ್ರ ಇಡೀ ಪರದೆಯನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳಿಂದ ಕಟ್ಟುತ್ತದೆ, ರಂಗೋಲಿಯ ಚುಕ್ಕಿಗಳ ಹಾಗೆ. ಒಂದೊಂದು ಚೌಕಕ್ಕೆ ರೋಮ್‌ನಲ್ಲಿ 16 ಬೈಟ್. ಒಂದು ಬೈಟ್ ಅಂದರೆ ಒಂದು ಅಡ್ಡಸಾಲು, ಅದರ ಎಂಟು ಬಿಟ್‌ಗಳು ಆ ಸಾಲಿನ ಎಂಟು ಚುಕ್ಕಿಗಳು. ಎರಡು ಬೈಟ್ ಸೇರಿ ಒಂದು ಸಾಲಿನ ಬಣ್ಣ ತೀರ್ಮಾನ ಆಗುತ್ತದೆ. ಈಗ ಯೋಚಿಸಿ: ಡೇಟಾ ತಂತಿಗಳು ಎಂಟು, ಡಿ0ಯಿಂದ ಡಿ7ರ ತನಕ. ಒಂದು ತಂತಿ ಕಡಿದರೆ ಪ್ರತಿ ಚೌಕದಲ್ಲೂ ಒಂದೇ ಕಂಬಸಾಲು ಕೆಡುತ್ತದೆ. ಡಿ7 ಎಡಗಡೆಯ ಕೊನೆಯದು, ಡಿ0 ಬಲಗಡೆಯ ಕೊನೆಯದು. ಅದೇ ವಿಳಾಸದ ತಂತಿ (ರೋಮ್‌ನ ಯಾವ ಬೈಟ್ ಬೇಕು ಅಂತ ಹೇಳುವ ತಂತಿ) ಕಡಿದಿದ್ದರೆ ನಿಂತ ಗೆರೆ ಬರುವುದಿಲ್ಲ. ಅಡ್ಡಸಾಲುಗಳು ಅದಲುಬದಲಾಗುತ್ತವೆ ಅಥವಾ ಒಂದು ಚೌಕ ಇರಬೇಕಾದಲ್ಲಿ ಇನ್ನೊಂದು ಬಂದು ಕೂರುತ್ತದೆ.

ನನ್ನದು ನಿಂತ ಗೆರೆ. ಹಾಗಾದರೆ ಡೇಟಾ ತಂತಿ. ಯಾವುದು? ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗಳನ್ನು ಹತ್ತಿರದಿಂದ ನೋಡಿದೆ. ಒಂದು ಪೆಟ್ಟಿಗೆ ಎರಡು ಚೌಕ ಅಗಲ. ಎಡ ಅಂಚೂ ಕೆಟ್ಟಿದೆ, ನಟ್ಟನಡುವೆಯೂ ಕೆಟ್ಟಿದೆ, ಬಲ ಅಂಚು ಮಾತ್ರ ಶುದ್ಧ. ಅಂದರೆ ಪ್ರತಿ ಚೌಕದ ಎಡಗಡೆಯ ಸಾಲು. ಡಿ7. ಮಾರಿಯೋ ಮೈಮೇಲೂ ಗೆರೆ ಇತ್ತು. ಅವನು ಹಿಂತಿರುಗಿದರೆ ಗೆರೆಯೂ ಆಚೆ ಪಕ್ಕಕ್ಕೆ ಹೋಗುತ್ತಿತ್ತು, ಏಕೆಂದರೆ ಯಂತ್ರ ಒಂದೇ ಚಿತ್ರವನ್ನು ಓದಿ ಕನ್ನಡಿಯಂತೆ ತಿರುಗಿಸುತ್ತದೆ. ತಪ್ಪು ನುಸುಳಿದ್ದು ಬಿಡಿಸುವಾಗಲ್ಲ, ಓದುವಾಗಲೇ ಅನ್ನುವುದು ಇದರಿಂದ ಖಾತ್ರಿಯಾಯಿತು. ಕೆಲವು ಚೌಕ ಯಾಕೆ ಸರಿಯಿದ್ದವು? ಕಡಿದ ತಂತಿಯಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಇದ್ದ ಬೆಲೆಯೇ ಉಳಿದಿರುತ್ತದೆ. ಅದು ಆಕಸ್ಮಿಕವಾಗಿ ಹೊಂದಿದ ಕಡೆ ಚಿತ್ರ ಸರಿಯಾಗಿ ಕಾಣುತ್ತದೆ.

ಚಿತ್ರದ ಕಡೆಯ ಡಿ7 ಕ್ಯಾಸೆಟ್‌ನಲ್ಲಿ ಪಿನ್ 57. ಅಂಚಿನಿಂದ ನಾಲ್ಕನೆಯದು.

ಆಗ ಮಾತ್ರ ಕ್ಯಾಸೆಟ್ ಬಿಚ್ಚಿದೆ. ನಿಂಟೆಂಡೊದ ಈ ಕ್ಯಾಸೆಟ್‌ಗಳಿಗೆ ಸ್ಕ್ರೂ ಇಲ್ಲ, ಒಳಗೆ ಪ್ಲಾಸ್ಟಿಕ್ ಕೊಕ್ಕೆಗಳು. ಮೂವತ್ತು ವರ್ಷ ದಾಟಿದ ಪ್ಲಾಸ್ಟಿಕ್ಕು ಗಡುಸಾಗಿರುತ್ತದೆ, ಬಲ ಹಾಕಿದರೆ ಕೊಕ್ಕೆ ಮುರಿಯುತ್ತದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಯಲ್ಲಿ ತೂರಿಸಿ ನಿಧಾನವಾಗಿ ಮೀಟಿದೆ. ಲೋಹದ ಚಪ್ಪಟೆ ಸ್ಕ್ರೂಡ್ರೈವರ್ ಬಳಸಬೇಡಿ, ಅಂಚಿನಲ್ಲಿ ಗಾಯ ಉಳಿಯುತ್ತದೆ.

ಮೀಟರ್ ಬೀಪ್‌ಗೆ ಇಟ್ಟು, ಒಂದು ಮೊನೆ ಪಿನ್ 57ರ ಮೇಲೆ, ಇನ್ನೊಂದು ಚಿತ್ರದ ರೋಮ್‌ನ ಡಿ7 ಕಾಲಿನ ಮೇಲೆ. ಸದ್ದಿಲ್ಲ. ಪಕ್ಕದ 58ಕ್ಕೂ ಡಿ6 ಕಾಲಿಗೂ ಬೀಪ್ ಬಂತು. ಪರದೆ ಹೇಳಿದ್ದು ನಿಜ. ಭೂತಗನ್ನಡಿ ಹಿಡಿದು ನೋಡಿದರೆ ಪಿನ್ನಿಗಿಂತ ಸ್ವಲ್ಪ ಮೇಲೆ ಹಸಿರು ಲೇಪದ ಕೆಳಗೆ ಟ್ರ್ಯಾಕ್, ಅಂದರೆ ಬೋರ್ಡಿನ ಮೇಲೆ ತಂತಿಯ ಕೆಲಸ ಮಾಡುವ ತಾಮ್ರದ ಗೆರೆ, ಕಪ್ಪಾಗಿತ್ತು. ಎಂದೋ ನೀರಿನ ತೇವ ಅಲ್ಲಿ ನಿಂತು ತಾಮ್ರವನ್ನು ತಿಂದುಹಾಕಿದೆ.

ಕಪ್ಪಾದ ಜಾಗವನ್ನು ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆದೆ. ಆರೋಗ್ಯವಾದ ಹೊಳೆಯುವ ತಾಮ್ರ ಕಾಣುವ ತನಕ ಕೆರೆಯಬೇಕು, ಇಲ್ಲದಿದ್ದರೆ ಕಿಲುಬು ಲೇಪದ ಕೆಳಗೇ ಮುಂದೆ ಸಾಗುತ್ತದೆ. ಆಲ್ಕೋಹಾಲ್‌ನಿಂದ ಒರೆಸಿ, ಬೆಸುಗೆ ಚೆನ್ನಾಗಿ ಹಿಡಿಯಲು ಫ್ಲಕ್ಸ್ ಹಚ್ಚಿ, ಪಿನ್‌ಗೆ ಹೊಂದಿದ ತುಂಡು ಟ್ರ್ಯಾಕಿನ ಮೇಲೆ ತೆಳುವಾಗಿ ಸೋಲ್ಡರ್ ಕೂರಿಸಿದೆ. ಪಿನ್ನಿನ ಮೇಲೆ ಮಾತ್ರ ಸೋಲ್ಡರ್ ಬೀಳಲೇಬಾರದು. ಆ ಭಾಗ ಸ್ಲಾಟ್‌ನೊಳಗೆ ಹೋಗುತ್ತದೆ, ದಪ್ಪವಾದರೆ ಸ್ಲಾಟಿನ ಕಾಂಟ್ಯಾಕ್ಟ್ ಸಡಿಲವಾಗುತ್ತದೆ. ಪಿನ್‌ಗಳ ಮೇಲೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಅಂಟಿಸಿಕೊಂಡರೆ ನೆಮ್ಮದಿ. ನಂತರ 30 ಗೇಜ್‌ನ ತೆಳು ತಂತಿಯ ಒಂದು ತುದಿಯನ್ನು ಅಲ್ಲಿಗೆ, ಇನ್ನೊಂದನ್ನು ಬೋರ್ಡಿನ ಹಿಂಬದಿಯಲ್ಲಿ ಚಿಪ್ ಕಾಲಿಗೆ ಹಿಡಿಸಿದೆ. ಐರನ್ 330 ಡಿಗ್ರಿ ಆಸುಪಾಸು ಸಾಕು. ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಹಳೇ ಟ್ರ್ಯಾಕ್ ಬೋರ್ಡಿನಿಂದ ಎದ್ದುಬರುತ್ತದೆ.

ತಂತಿ ಓಡಿಸುವ ದಾರಿಯನ್ನೂ ನೋಡಿಕೊಳ್ಳಿ. ಡಬ್ಬಿಯೊಳಗೆ ಬೋರ್ಡನ್ನು ಹಿಡಿಯುವ ಪ್ಲಾಸ್ಟಿಕ್ ಗೂಟಗಳಿರುತ್ತವೆ, ಅವು ತಂತಿಯನ್ನು ಒತ್ತಬಾರದು. ಮತ್ತೆ ಬೀಪ್ ಪರೀಕ್ಷೆ: 57ಕ್ಕೂ ಚಿಪ್ ಕಾಲಿಗೂ ಸದ್ದು ಬರಬೇಕು, 57ಕ್ಕೂ ಪಕ್ಕದ 56, 58ಕ್ಕೂ ಬರಬಾರದು. ಎಲ್ಲ ಸರಿಯಿದ್ದ ಮೇಲೆ ಕೆರೆದ ಜಾಗಕ್ಕೆ ಉಗುರುಬಣ್ಣ ಬಳಿದು ಒಣಗಲು ಬಿಟ್ಟೆ.

ಹಾಕಿ ನೋಡಿದೆ. ಗೆರೆಗಳು ಮಾಯ. ಆಕಾಶ, ಪೊದೆ, ಪೆಟ್ಟಿಗೆ ಎಲ್ಲವೂ ಕಡೆದಿಟ್ಟ ಹಾಗೆ ಚೊಕ್ಕ. ಎಷ್ಟು ಖುಷಿಯಾಯಿತು ಅಂದರೆ ತಮ್ಮನಿಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದೆ.

ಆದರೂ ಡಬ್ಬಿ ಮುಚ್ಚುವ ಮುಂಚೆ ತುಂಬಾ ಹೊತ್ತು ಆಡಿ ನೋಡಬೇಕು. ಈ ಆಟದಲ್ಲಿ ಅಂಕ ತೋರಿಸುವ ಕೆಳಗಿನ ಪಟ್ಟಿ ಅಲುಗದೆ ನಿಲ್ಲಬೇಕು. ಕ್ಯಾಸೆಟ್ಟಿನೊಳಗಿರುವ ಎಂಎಂಸಿ3 ಅನ್ನೋ ಇನ್ನೊಂದು ಚಿಪ್ ಪರದೆಯ ಸಾಲುಗಳನ್ನು ಎಣಿಸಿ, ಸರಿಯಾದ ಸಾಲಿಗೆ ಸಿಪಿಯುಗೆ ಸೂಚನೆ ಕೊಡುತ್ತದೆ, ಪಿನ್ 15ರ ಮೂಲಕ. ಪಟ್ಟಿ ನಡುಗಿದರೆ ಅಲ್ಲಿ ನೋಡಿ. ಆಟ ಸರಿಯಿದ್ದು ಸದ್ದು ಮಾತ್ರ ಇಲ್ಲದಿದ್ದರೆ ಪಿನ್ 45 ಮತ್ತು 46. ಯಂತ್ರದ ಸದ್ದು 45ರಿಂದ ಕ್ಯಾಸೆಟ್ಟಿನೊಳಗೆ ಹೋಗಿ 46ರಿಂದ ಹೊರಗೆ ಬರುತ್ತದೆ. ಸಾಮಾನ್ಯ ಕ್ಯಾಸೆಟ್‌ಗಳಲ್ಲಿ ಇವೆರಡನ್ನೂ ಸುಮ್ನೆ ಸೇರಿಸಿರುತ್ತಾರೆ, ಅಷ್ಟೇ. ಅಲ್ಲಿ ಕೊಳೆ ಕೂತರೂ ಆಟ ಮೂಕಾಗುತ್ತದೆ.

ರೋಮ್ ಚಿಪ್ಪೇ ಸತ್ತಿದ್ದರೆ ಅದನ್ನು ತೆಗೆದು, ಅದೇ ಡೇಟಾ ತುಂಬಿದ ಇಪ್ರಾಮ್ (ನಾವೇ ಡೇಟಾ ಬರೆಯಬಹುದಾದ ಚಿಪ್) ಹಾಕಬಹುದು, ಕಾಲುಗಳ ಜೋಡಣೆ ಬೇರೆಯಾಗಿರುವುದನ್ನು ಗಮನಿಸಿ ಕೆಲವು ತಂತಿ ಬದಲಿಸಬೇಕು. ಇನ್ನೊಂದು ಒಳ್ಳೆಯ ಕ್ಯಾಸೆಟ್ಟಿನಿಂದ ಚಿಪ್ ಕಿತ್ತು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲಬೇಕಾ?

ನಮ್ಮೂರಿನ 'ಒಂದರಲ್ಲಿ ಸಾವಿರ ಆಟ' ಕ್ಯಾಸೆಟ್‌ಗಳ ವಿಷಯ ಸ್ವಲ್ಪ ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಕಾಲುಗಳಿರುವ ಚಿಪ್ ಇರುವುದಿಲ್ಲ, ಬೋರ್ಡಿನ ಮೇಲೆ ಒಂದು ಕಪ್ಪು ಬೊಟ್ಟು ಅಷ್ಟೇ, ಚಿಪ್ ಅದರೊಳಗೆ ಅಡಗಿರುತ್ತದೆ. ಬೊಟ್ಟಿನ ಒಳಗೆ ತಂತಿ ಕಡಿದಿದ್ದರೆ ಏನೂ ಮಾಡಲಾಗದು. ಆದರೆ ಪಿನ್‌ನಿಂದ ಬೊಟ್ಟಿನ ಅಂಚಿನ ತನಕ ಟ್ರ್ಯಾಕ್ ನಮ್ಮ ಕೈಗೆ ಸಿಗುತ್ತದೆ, ಅಲ್ಲಿ ಇದೇ ರಿಪೇರಿ ನಡೆಯುತ್ತದೆ. ಅಂಥದ್ದೊಂದು ಈಗ ನನ್ನ ಮೇಜಿನ ಮೇಲಿದೆ. ಆಟ ಓಡುತ್ತದೆ, ಸದ್ದು ಬರುತ್ತದೆ, ಆದರೆ ಚಿತ್ರದ ಅಡ್ಡಸಾಲುಗಳು ಜೋಡಿ ಜೋಡಿಯಾಗಿ ಒಂದೇ ಥರ ಕಾಣುತ್ತಿವೆ. ವಿಳಾಸದ ಮೊದಲ ತಂತಿ, ಎ0. ಪಿನ್ 25. ಮೀಟರ್ ಮೊನೆ ಮೊದಲು ಅಲ್ಲಿಗೇ ಇಡುತ್ತೇನೆ.