ಮಳೆಗಾಲದಲ್ಲಿ ಹಿಟ್ಟಿನ ಮಿಷನ್ ಕಟ್ಕೊಂಡಾಗ ನಾನು ಮಾಡಿದ್ದು

ಮಡಿಕೇರಿ ಮಳೆ ಗೊತ್ತಲ್ಲ, ಜುಲೈನಲ್ಲಿ ಬಟ್ಟೆನೇ ಒಣಗಲ್ಲ, ಇನ್ನು ಡಬ್ಬದ ಗೋಧಿ ಕಥೆ ಏನು ಹೇಳೋದು. ಮನೇಲಿರೋ ಸಣ್ಣ ಕಲ್ಲಿನ ಮಿಷನ್‌ನಲ್ಲಿ ಬೀಸ್ತಾ ಇದ್ದಾಗ ಸದ್ದೇ ಬದಲಾಯ್ತು, ಹಿಟ್ಟು ಬರೋದು ನಿಂತೋಯ್ತು, ಬಂದಿದ್ದೂ ಬಿಸಿ ಬಿಸಿ, ಮೋಟರ್ ಹೋಯ್ತು ಅಂತ ತುಂಬಾ ಭಯ ಆಯ್ತು. ಪ್ಲಗ್ ತೆಗೆದು ಬಿಚ್ಚಿ ನೋಡಿದ್ರೆ ಕಲ್ಲಿನ ಮೇಲೆಲ್ಲ ಹಿಟ್ಟು ಅಂಟಿನ ಥರ ಗಟ್ಟಿಯಾಗಿ ಮೆತ್ಕೊಂಡಿತ್ತು. ಕಾಳು ತೇವ ಎಳ್ಕೊಂಡಿತ್ತು, ಅಷ್ಟೇ.

ದಯವಿಟ್ಟು ಕಲ್ಲಿಗೆ ನೀರು ಹಾಕಿ ತೊಳೀಬೇಡಿ. ಒಣ ಬ್ರಷ್‌ನಲ್ಲಿ ಉಜ್ಜಿ, ಕಲ್ಲುಗಳ ನಡುವೆ ಗ್ಯಾಪ್ ಜಾಸ್ತಿ ಇಟ್ಟು ಒಂದು ಲೋಟ ಒಣ ಬೆಳ್ತಿಗೆ ಅಕ್ಕಿ ಬೀಸಿದೆ, ಎರಡನೇ ಲೋಟಕ್ಕೆ ಕಲ್ಲು ಕ್ಲೀನ್ ಆಯ್ತು. ಆ ತರಿ ಕೋಳಿಗಳಿಗೆ ಹಾಕ್ದೆ.

ಈಗ ಗೋಧಿನ ದಪ್ಪ ತಳದ ಬಾಣಲೇಲಿ ಸಣ್ಣ ಉರೀಲಿ ಬೆಚ್ಚಗೆ ಮಾಡ್ತೀನಿ, ಹುರಿಯೋದಲ್ಲ, ಬರೀ ತೇವ ಹೋಗ್ಬೇಕು, ಆಮೇಲೆ ಪೂರ್ತಿ ತಣ್ಣಗಾದ ಮೇಲೇನೇ ಬೀಸೋದು. ಅತ್ತೆ ಹೇಳ್ಕೊಟ್ಟ ಪರೀಕ್ಷೆ: ಕಾಳು ಕಚ್ಚಿದ್ರೆ ಕಟ್ ಅಂತ ಮುರೀಬೇಕು, ಚಪ್ಪಟೆ ಆದ್ರೆ ಇನ್ನೂ ತೇವ ಇದೆ. ಕಡಂಬುಟ್ಟು, ಅಂದ್ರೆ ನಮ್ಮ ಕೊಡಗಿನ ಅಕ್ಕಿ ತರಿ ಕಡುಬು, ಅದರ ಅಕ್ಕಿಗೂ ಇದೇ ಕ್ರಮ. ಮೊಳಕೆ ಭಾಗದ ಎಣ್ಣೆ ಇರೋದ್ರಿಂದ ಇಡೀ ಗೋಧಿ ಹಿಟ್ಟು ಬೇಗ ಕಮಟು ವಾಸನೆ ಬರುತ್ತೆ, ಅದಕ್ಕೆ ನಾಲ್ಕೈದು ದಿನಕ್ಕೆ ಆಗೋಷ್ಟೇ ಬೀಸ್ಕೊಳ್ತೀನಿ.