ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆ: ಮನೆಯವರು ಅರಿತಿರಬೇಕಾದ ಅಪಾಯಗಳು

ಮೆದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ನಿಗದಿಯಾದ ಮನೆಯಲ್ಲಿ ‘ಗುಣವಾಗುತ್ತದೆಯೇ’ ಎಂಬ ಪ್ರಶ್ನೆಯೇ ಎಲ್ಲರ ಬಾಯಲ್ಲಿರುತ್ತದೆ. ಇದಕ್ಕಿಂತ ಉಪಯುಕ್ತವಾದ ಪ್ರಶ್ನೆಗಳಿವೆ.

ಮೊದಲು ಗಡ್ಡೆ ಯಾವ ಬಗೆಯದು, ಎಲ್ಲಿದೆ ಎಂದು ಕೇಳಿ. ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಬಹುಪಾಲು ಕ್ಯಾನ್ಸರ್ ಅಲ್ಲ. ಹಲವರಲ್ಲಿ ಅದನ್ನು ಪೂರ್ತಿಯಾಗಿ ತೆಗೆಯಬಹುದು. ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆ ಹಾಗಲ್ಲ. ಅದರ ಜೀವಕೋಶಗಳು ಸುತ್ತಲಿನ ಮೆದುಳಿನೊಳಗೆ ಬೇರಿನಂತೆ ಹಬ್ಬಿರುವುದರಿಂದ, ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದ ಮೇಲೂ ವಿಕಿರಣ ಚಿಕಿತ್ಸೆ ಮತ್ತು ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ ಬೇಕಾಗುತ್ತವೆ. ಗಡ್ಡೆ ಮಾತು ಅಥವಾ ಕೈಕಾಲಿನ ಚಲನೆಯನ್ನು ನಿಯಂತ್ರಿಸುವ ಭಾಗದ ಪಕ್ಕದಲ್ಲಿದ್ದರೆ, ವೈದ್ಯರು ಬೇಕೆಂದೇ ಸ್ವಲ್ಪ ಭಾಗವನ್ನು ಬಿಡಬಹುದು. ಅದನ್ನು ಅವರ ಸೋಲೆಂದು ತಿಳಿಯಬಾರದು.

ವಯಸ್ಸು ಮುಖ್ಯ, ಆದರೆ ರೋಗಿ ತನ್ನ ಕೆಲಸವನ್ನು ತಾನೇ ಎಷ್ಟರ ಮಟ್ಟಿಗೆ ಮಾಡಿಕೊಳ್ಳುತ್ತಿದ್ದರು ಎಂಬುದೂ ಅಷ್ಟೇ ಮುಖ್ಯ. ವೈದ್ಯರು ಇದನ್ನು ಕಾರ್ನೋಫ್‌ಸ್ಕಿ ಅಂಕದಲ್ಲಿ 100ಕ್ಕೆ ಇಷ್ಟು ಎಂದು ಅಳೆಯುತ್ತಾರೆ. ದುಡಿಯಲಾಗದಿದ್ದರೂ ಸ್ನಾನ, ಊಟ, ಬಟ್ಟೆಯನ್ನು ತಾವೇ ನೋಡಿಕೊಳ್ಳುವವರಿಗೆ 70. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿ ಏನೇನು ಮಾಡುತ್ತಿದ್ದರೆಂದು ಒಂದು ಹಾಳೆಯಲ್ಲಿ ಬರೆದಿಡಿ. ಆಮೇಲೆ ನೆನಪು ಮೋಸ ಮಾಡುತ್ತದೆ.

ಇನ್ನು ಮನೆಯವರ ಕೈಯಲ್ಲಿರುವ ಸಂಗತಿಗಳು. ಮೆದುಳಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆ ಕಾಯಿಲೆ ಇಲ್ಲದವರಲ್ಲೂ. ಸಕ್ಕರೆ ಏರಿದರೆ ಗಾಯ ಮಾಯುವುದು ತಡವಾಗಿ ಸೋಂಕಿಗೆ ದಾರಿಯಾಗುತ್ತದೆ; ಗಾಯ ಮಾಯದಿದ್ದರೆ ವಿಕಿರಣ ಚಿಕಿತ್ಸೆಯೂ ಮುಂದೆ ಹೋಗುತ್ತದೆ. ಆದುದರಿಂದ ಸಕ್ಕರೆಯನ್ನು ಪರೀಕ್ಷಿಸುತ್ತಿರಬೇಕೇ ಹೊರತು, ಹೆದರಿ ಆ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬಾರದು. ಬೀಡಿ, ಸಿಗರೇಟುಗಳನ್ನು ಆದಷ್ಟು ಬೇಗ ಬಿಡಿಸಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆಗಳನ್ನೂ, ಯಾರೋ ಕೊಟ್ಟ ನಾಟಿ ಔಷಧದ ಪುಡಿಯನ್ನೂ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅಂತಹ ಮಾತ್ರೆಯನ್ನು ತಾವಾಗಿಯೇ ಬಿಡುವುದು ಇನ್ನೊಂದು ಅಪಾಯಕ್ಕೆ ಆಹ್ವಾನ.

ಶಸ್ತ್ರಚಿಕಿತ್ಸೆಯ ಜಾಗದಲ್ಲಿ ರಕ್ತಸ್ರಾವವಾಗುವ ಭಯ ಮೊದಲ ದಿನ ಹೆಚ್ಚು. ಐಸಿಯುನಲ್ಲಿ ಪದೇ ಪದೇ ಎಬ್ಬಿಸಿ ಮಾತನಾಡಿಸುವುದು ಇದಕ್ಕೇ, ರೋಗಿಗೆ ತೊಂದರೆ ಕೊಡಲು ಅಲ್ಲ. ನಂತರದ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿರುತ್ತದೆ. ‘ತಲೆ ಆಪರೇಷನ್ ಆಗಿದೆ, ಅಲುಗಾಡಬೇಡಿ’ ಎಂದು ಮಲಗಿಸಿಯೇ ಇಡುವ ಬಂಧುಗಳ ಅಕ್ಕರೆ ಇಲ್ಲಿ ಕೆಡುಕನ್ನೇ ಮಾಡುತ್ತದೆ. ವೈದ್ಯರು ಒಪ್ಪಿದ ಕೂಡಲೇ ನಡೆಸಿ. ಒಂದೇ ಮೀನಖಂಡ ಊದಿಕೊಂಡು ನೋಯುವುದು, ಹಠಾತ್ತನೆ ಉಸಿರು ಕಟ್ಟುವುದು, ಗಾಯದಿಂದಲೋ ಮೂಗಿನಿಂದಲೋ ತಿಳಿನೀರು ಸೋರುವುದು, ಜ್ವರದೊಡನೆ ಕತ್ತು ಬಿಗಿಯುವುದು, ಮಂಪರು ಹೆಚ್ಚುವುದು: ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದಾಗಲಿ, ಬಾಯಿಗೆ ಚಮಚ ತುರುಕುವುದಾಗಲಿ ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿಕೊಳ್ಳಿ; 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.